ಹಳದಿ ಮೂಲೆಯ ಮಣ್ಣು

ನನಗೊಂದು ಚಿಂತೆ ಇತ್ತು. ಯಾರಿಗೂ ಹೇಳಿರಲಿಲ್ಲ. ಡೈರಿಯಲ್ಲಿ ಮಾತ್ರ ಬರೆದಿದ್ದೆ, ಅದೂ ಪೆನ್ಸಿಲ್‌ನಲ್ಲಿ: "ಸಂಘದ ಗೋಡೆಗೆ ನೇತುಹಾಕಿರುವ ಮಣ್ಣು ಪರೀಕ್ಷೆಯ ಕಾರ್ಡನ್ನು ಊರೆಲ್ಲ ನಂಬಿದೆ. ಅದನ್ನು ನಂಬಬಾರದು ಅಂತ ಗೊತ್ತಿರುವವಳು ನಾನೊಬ್ಬಳೇ."

ಬರೆದು ಪುಸ್ತಕವನ್ನು ದಿಂಬಿನ ಕೆಳಗೆ ತಳ್ಳಿದೆ. ಮುಚ್ಚಿಟ್ಟರೆ ಮುಗಿಯಿತು ಅನ್ನಿಸಿತು, ಒಂದೈದು ನಿಮಿಷ.

ನನ್ನ ಹೆಸರು ನೌರೀನ್. ದಾಬಸ್‌ಪೇಟೆಯಿಂದ ಸೋಂಪುರದ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ನೆಲಮಂಗಲದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ್ದೇನೆ. ನಾಲ್ಕು ಜನರೆದುರು ಮಾತಾಡು ಅಂದರೆ ಗಂಟಲು ಒಣಗುತ್ತದೆ. ಕಾಲೇಜಿನಲ್ಲಿ ಹಾಜರಿ ಕೂಗಿದಾಗಲೂ ಕೈ ಎತ್ತುತ್ತಿದ್ದೆನೇ ಹೊರತು ಬಾಯಿ ಬಿಡುತ್ತಿರಲಿಲ್ಲ.

ನಮ್ಮೂರ ಅಂಚಿನಲ್ಲಿ ಒಂದೂವರೆ ಎಕರೆ ಜಾಗವಿದೆ. ಬೈಕಿನ ಹ್ಯಾಂಡಲ್, ಸೈಲೆನ್ಸರ್‌ಗಳಿಗೆ ಹೊಳಪಿನ ಲೇಪ ಕೊಡುವ ಫ್ಯಾಕ್ಟರಿಯೊಂದು ಮೊದಲು ಅಲ್ಲಿತ್ತು. ನಾವು ಅದನ್ನು ಪಾಲಿಶ್ ಫ್ಯಾಕ್ಟರಿ ಅನ್ನುತ್ತಿದ್ದೆವು. ಅದು ಮುಚ್ಚಿ ಒಂಬತ್ತು ವರ್ಷವಾಗಿತ್ತು. ಶೀಟು, ಬಾಗಿಲು, ಕಬ್ಬಿಣ ಎಲ್ಲ ಒಂದೊಂದಾಗಿ ಹೋಗಿ, ಸಿಮೆಂಟಿನ ತೊಟ್ಟಿಗಳು ಮಾತ್ರ ಉಳಿದಿದ್ದವು. ಗುತ್ತಿಗೆ ಮುಗಿದು ಜಾಗ ಪಂಚಾಯಿತಿಗೆ ವಾಪಸ್ ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟದ್ದು ನಮ್ಮ ಮಹಿಳಾ ಸಂಘ. ಏಕೆಂದರೆ ಆಗ ಅಂಗನವಾಡಿ ಹೆದ್ದಾರಿ ಪಕ್ಕದ ಬಾಡಿಗೆ ಕೋಣೆಯಲ್ಲಿತ್ತು. ಬಾಗಿಲು ತೆರೆದರೆ ಎದುರಿಗೇ ಲಾರಿ. ಹತ್ತೊಂಬತ್ತು ಮಕ್ಕಳು ಚಿಲಕ ಹಾಕಿದ ಬಾಗಿಲ ಹಿಂದೆಯೇ ಆಡಬೇಕಿತ್ತು. ಅವರಲ್ಲಿ ನನ್ನ ಅಣ್ಣನ ಮಗಳು ಝೋಯಾ ಕೂಡ ಒಬ್ಬಳು. ನಾಲ್ಕು ವರ್ಷದವಳು, ನನ್ನನ್ನು ಫುಪ್ಪು ಅನ್ನುತ್ತಿದ್ದಳು. ಅವಳಿಗೊಂದು ಅಭ್ಯಾಸವಿತ್ತು: ಕಣ್ಣು ತಪ್ಪಿಸಿ ಮಣ್ಣು ತಿನ್ನುತ್ತಿದ್ದಳು.

"ಮುಂದ್ಗಡೆ ಅಂಗನವಾಡಿ, ಹಿಂದ್ಗಡೆ ಸೊಪ್ಪಿನ ಮಡಿ," ಅಂದರು ಸಂಘದ ಅಧ್ಯಕ್ಷೆ ಅನುಸೂಯಮ್ಮ. "ಮಕ್ಕಳ ಸಾರಿಗೆ ಅಲ್ಲೇ ಸೊಪ್ಪು ಕಿತ್ಕೊಳ್ಳೋದು. ಅಂಗಡಿಗ್ಯಾಕೆ ಹೋಗ್ಬೇಕು?"

"ಫ್ಯಾಕ್ಟ್ರಿ ಮಣ್ಣಲ್ವಾ ಅಕ್ಕ?" ಅಂತ ಹಿಂದಿನಿಂದ ಯಾರೋ ಕೇಳಿದರು.

"ಹಂಗಾದ್ರೆ ಟೆಸ್ಟ್ ಮಾಡ್ಸೋಣ," ಅಂದರು ಅನುಸೂಯಮ್ಮ. " ಶಂಶಕ್ಕನ ಮಗಳು ಸೈನ್ಸ್ ಓದಿದ್ದಾಳಲ್ಲ. ಅದೆಷ್ಟು ಓದಿದ್ರೂ ಅವಳ ಬಾಯಿಂದ ಒಂದು ಮಾತು ಕೇಳಿಲ್ಲ ನಾವು. ಕೈಯಿಂದಾನಾದ್ರೂ ಒಂದು ಕೆಲಸ ಆಗ್ಲಿ."

ಎಲ್ಲರೂ ನಕ್ಕರು. ಶಂಶಕ್ಕ ಅಂದರೆ ನನ್ನ ಅಮ್ಮಿ, ಶಂಶುನ್ನೀಸಾ. ನಾನು ಹೂಂ ಅನ್ನುವ ಮೊದಲೇ ಅಮ್ಮಿ, "ಮಾಡ್ತಾಳೆ, ಯಾಕ್ ಮಾಡಲ್ಲ?" ಅಂದುಬಿಟ್ಟಳು.

ಮಣ್ಣು ತೆಗೆಯುವುದನ್ನು ನನಗೆ ಕಲಿಸಿದವರು ಪಕ್ಕದ ಹೊಲದ ಹನುಮಂತರಾಯಪ್ಪ ತಾತ. ರಾಗಿ, ಸೇವಂತಿಗೆ ಬೆಳೆಯುವವರು. ತಪ್ಪದೆ ಮಣ್ಣು ಪರೀಕ್ಷೆ ಮಾಡಿಸುವ ಶಿಸ್ತಿನ ರೈತ. ಸಣ್ಣ ಗುದ್ದಲಿ ಹಿಡಿದು ಅವರೇ ನನ್ನ ಜೊತೆ ಬಂದರು.

"ಮೇಲಿನ ಕಸ ಕೆರೆದಾಕು. ಒಂದು ಗೇಣು ಆಳ ತೆಗಿ. ಗುಂಡಿ ಅಂಚಿನ ಮಣ್ಣು ಮೇಲಿಂದ ಕೆಳಕ್ಕೆ ಒಂದೇ ಸಮ ಕೆರ್ಕೊ. ಹಾಂ, ಹಂಗೆ."

ತೊಟ್ಟಿಗಳ ಪಕ್ಕದ ಮೂಲೆಯಲ್ಲಿ ಹುಲ್ಲು ಬೆಳೆದಿರಲಿಲ್ಲ. ಅರಿಶಿನ ಚೆಲ್ಲಿ ತೊಳೆದ ಹಾಗೆ ನೆಲ ಹಳದಿಯಾಗಿತ್ತು.

"ಆ ಜಾಗದ್ದು ಬೇಡ್ವಾ ತಾತ?"

"ಅದು ಬಿಡವ್ವ. ಮರದ ಬುಡ, ಬದು, ಗೊಬ್ಬರದ ಗುಂಡಿ ಪಕ್ಕ, ಬಣ್ಣ ತಿರುಗಿದ ಜಾಗ, ಇವೆಲ್ಲ ಬಿಡ್ಬೇಕು. ಇಲ್ದಿದ್ರೆ ರಿಪೋರ್ಟು ಕೆಡುತ್ತೆ. ಮೂವತ್ತು ವರ್ಷದಿಂದ ಮಾಡಿಸ್ತಾ ಇದೀನಿ ನಾನು."

ಒಂಬತ್ತು ಕಡೆಯ ಮಣ್ಣನ್ನು ಗೋಣಿತಾಟಿನ ಮೇಲೆ ಬೆರೆಸಿದೆವು. ತಾತ ಬೆರಳಿನಿಂದ ಗೆರೆ ಎಳೆದು ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಚೆಲ್ಲಿದರು. ಉಳಿದದ್ದನ್ನು ಮತ್ತೆ ಬೆರೆಸಿದರು, ಮತ್ತೆ ಚೆಲ್ಲಿದರು. ಕೊನೆಗೆ ಉಳಿದ ಅರ್ಧ ಕೆಜಿ ಬಟ್ಟೆಯ ಚೀಲಕ್ಕೆ ಹೋಯಿತು. ರೈತರು ಹೊಲದ ಮಣ್ಣು ಕೊಡುವ ಕಡೆಯೇ ಅದನ್ನು ಕೊಟ್ಟು ಬಂದೆ.

ಕಾರ್ಡು ಬಂತು. ರಂಜಕ ಸಾಕಷ್ಟಿದೆ, ಪೊಟ್ಯಾಷ್ ಚೆನ್ನಾಗಿದೆ, ಹುಳಿ-ಸವಳಿನ ಮಟ್ಟ ಸರಿಯಾಗಿದೆ. ಅನುಸೂಯಮ್ಮ ದಾಬಸ್‌ಪೇಟೆಗೆ ಹೋಗಿ ಅದನ್ನು ಲ್ಯಾಮಿನೇಷನ್ ಮಾಡಿಸಿ, ತೂತು ಹಾಕಿಸಿ, ಕೆಂಪು ದಾರ ಕಟ್ಟಿ ಸಂಘದ ಗೋಡೆಗೆ ನೇತುಹಾಕಿದರು. "ನೋಡ್ರಮ್ಮಾ, ನಮ್ಮ ನೌರೀನು ಮಣ್ಣಿಗೂ ಮಾರ್ಕ್ಸ್ ಕಾರ್ಡ್ ತಂದುಕೊಟ್ಟಳು," ಅಂದರು. ನನಗೆ ನಿಜಕ್ಕೂ ಹೆಮ್ಮೆಯಾಯಿತು. ಬರುವ ಸೋಮವಾರ ಜೆಸಿಬಿ ತಂದು ನೆಲ ಸಮ ಮಾಡಿಸುವುದೆಂದು ನಿಶ್ಚಯವಾಯಿತು.

ಮಂಗಳವಾರ ಮಮತಕ್ಕ ಫೋನ್ ಮಾಡಿದಳು. ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವಳು, ಈಗ ಪೀಣ್ಯದಲ್ಲಿ ನೀರು, ಮಣ್ಣು ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದಾಳೆ. ಕಾರ್ಡಿನ ವಿಷಯ ಹೇಳಿಕೊಂಡೆ.

"ಕಲೆ ಬಿದ್ದ ಜಾಗದಿಂದ ತೆಗೆದ್ಯೇನೆ?"

"ಇಲ್ಲ ಅಕ್ಕ. ಅದನ್ನ ಬಿಡ್ಬೇಕಂತೆ."

"ಬೆಳೆಗಾದ್ರೆ ಬಿಡ್ಬೇಕು, ಸರಿ. ನಿಮ್ಮ ತಾತ ಹೇಳಿದ್ರಲ್ಲಿ ತಪ್ಪಿಲ್ಲ. ಗೊಬ್ಬರ ಎಷ್ಟು ಹಾಕ್ಬೇಕು ಅಂತ ತಿಳ್ಕೊಳ್ಳೋಕೆ ಇಡೀ ಹೊಲದ ಸರಾಸರಿ ಬೇಕು. ಆದ್ರೆ ವಿಷ ಸರಾಸರೀಲಿರಲ್ಲ ಕಣೆ, ಒಂದು ಮೂಲೇಲಿ ಕೂತಿರುತ್ತೆ. ನೀನು ಮಾಡಿರೋದು ಹೇಗಿದೆ ಗೊತ್ತಾ? ಜ್ವರ ಬಂದ ಮಗೂನ ಮನೇಲಿ ಮಲಗ್ಸಿ, ಮಿಕ್ಕ ಮಕ್ಕಳನ್ನ ಡಾಕ್ಟರ್ ಹತ್ರ ಕರ್ಕೊಂಡ್ ಹೋದಂಗಿದೆ."

"ಆದ್ರೆ ಲ್ಯಾಬಿನವ್ರು ಚೆನ್ನಾಗಿದೆ ಅಂದ್ರಲ್ಲ."

"ನೀನು ಕೇಳಿದ್ದು ರಂಜಕ, ಪೊಟ್ಯಾಷ್. ಅವರು ಅದನ್ನ ಹೇಳಿದ್ರು. ಕ್ರೋಮಿಯಂ ಇದೆಯಾ ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ಆ ಹೊಳಪಿನ ಲೇಪ ಕ್ರೋಮಿಯಂನದು ಅಂತ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೂ ನಮ್ಮೂರ ಮೂಲೆಗೂ ಆ ಪಾಠಕ್ಕೂ ಸಂಬಂಧವಿದೆ ಅಂತ ಹೊಳೆದಿರಲಿಲ್ಲ.

ಮಾರನೆಯ ದಿನ ಮಳೆಯಾಯಿತು. ಸಂಜೆ ಒಬ್ಬಳೇ ಹೋಗಿ ನೋಡಿದೆ. ಆ ಮೂಲೆಯ ಗುಂಡಿಗಳಲ್ಲಿ ನಿಂತ ನೀರು ಹಳದಿ. ಬೇರೆ ಕಡೆಯದು ಕೆಂಪು. ಮನೆಗೆ ಬಂದಾಗ ಅಂಗಳದಲ್ಲಿ ಝೋಯಾ ಬಾಗಿ ಕೂತಿದ್ದಳು. ಬೆನ್ನು ನೋಡಿಯೇ ಗೊತ್ತಾಯಿತು. ಹೋಗಿ ಬಾಯಿ ತೆರೆಸಿದೆ. ನಾಲಗೆಯ ಮೇಲೆ ಕೆಮ್ಮಣ್ಣು.

"ಸಿಹಿ ಇದೆ ಫುಪ್ಪು," ಅಂದಳು.

ಇದು ನಮ್ಮ ಅಂಗಳದ ಮಣ್ಣು. ಅಂಗನವಾಡಿ ಬಂದ ಮೇಲೆ ಅವಳು ಆಡುವುದು ಆ ಜಾಗದಲ್ಲಿ. ಅವಳ ಬಾಯಿಯನ್ನು ಎರಡೆರಡು ಸಲ ತೊಳೆಸಿದೆ.

ಗುರುವಾರ ತಾತನ ಹತ್ತಿರ ಹೋದೆ. ಸೇವಂತಿಗೆ ಬಿಡಿಸುತ್ತಿದ್ದರು. ನಾನೂ ಅರ್ಧ ಬುಟ್ಟಿ ಬಿಡಿಸಿದೆ. ಕೊನೆಗೆ, "ಮಳೆ ಬಂದಾಗ ಅಲ್ಲಿ ಹಳದಿ ನೀರು ನಿಲ್ಲುತ್ತೆ ತಾತ," ಅಂದೆ.

"ಅದಕ್ಕೇ ಕಣವ್ವ ಬಿಡ್ಸಿದ್ದು," ಅಂದರು ನೆಮ್ಮದಿಯಾಗಿ. "ಮೇಲೆ ನಾಲ್ಕು ಟ್ರ್ಯಾಕ್ಟರ್ ಕೆರೆ ಗೋಡು ಹೊಡ್ಸಿದ್ರೆ ಎಂಥಾ ನೆಲಾನೂ ಏಳುತ್ತೆ."

ಅವರ ನಂಬಿಕೆ ನನಗೆ ಅರ್ಥವಾಯಿತು. ಅವರ ಹೊಲವನ್ನು ಕೆರೆಯ ಗೋಡು, ಅಂದರೆ ಹೂಳು, ಎಷ್ಟೋ ಸಲ ಎಬ್ಬಿಸಿದೆ. ಸೊರಗಿದ ನೆಲಕ್ಕೆ ಅದು ಮದ್ದು. ವಿಷ ಕುಡಿದ ನೆಲಕ್ಕೆ ಬರೀ ಹೊದಿಕೆ. ಇದಿಷ್ಟೂ ನನ್ನ ಮನಸ್ಸಿನಲ್ಲೇ ಉಳಿಯಿತು. ಅಂದು ಸಂಘದ ವಾಟ್ಸಾಪ್ ಗುಂಪಿಗೆ ಎರಡು ಸಲ ಬರೆದು ಎರಡು ಸಲವೂ ಅಳಿಸಿದೆ. ನನ್ನ ಮಾತಿನಿಂದ ಆ ಜಾಗ ಮತ್ತೆ ಪಾಳು ಬಿದ್ದು, ಮಕ್ಕಳು ಲಾರಿಗಳ ಪಕ್ಕದಲ್ಲೇ ಉಳಿದರೆ ಅನ್ನುವ ಭಯವೂ ಇತ್ತು. ಮಮತಕ್ಕನಿಗೆ ಮಾತ್ರ ಮೆಸೇಜ್ ಹಾಕಿದೆ: "ಭಾನುವಾರ ಸಂಘದ ಸಭೆ. ನೀನು ಬಂದು ಹೇಳ್ತೀಯಾ?"

ಭಾನುವಾರ ಅವಳು ಪೀಣ್ಯದ ಹತ್ತಿರದ ಎಂಟನೇ ಮೈಲಿಯಲ್ಲಿ ಬಸ್ಸು ಹಿಡಿದು ಬಂದಳು. ಮೊದಲು ನಮ್ಮ ಮನೆಗೆ ಕರೆದುಕೊಂಡು ಹೋದೆ. ಅಮ್ಮಿ ಚಹಾ ಕೊಟ್ಟು ಎಲ್ಲ ಕೇಳಿಸಿಕೊಂಡಳು.

"ಮಣ್ಣಲ್ಲಿ ವಿಷ ಇದ್ರೆ ಆ ಜಾಗ ಹೋಯ್ತು ಅಂತಾನಾ ಬೇಟಿ?"

"ಹೋಗಲ್ಲ ಆಂಟಿ. ತೊಳೆದು ತಗೋಬಹುದು. ಎಲ್ಲಿದೆ, ಎಷ್ಟು ಆಳಕ್ಕಿಳಿದಿದೆ ಅಂತ ಮೊದಲು ಗೊತ್ತಾಗ್ಬೇಕು. ತೀರ ಕೆಟ್ಟ ಮಣ್ಣನ್ನ ತೆಗೆದು, ಅಂಥದ್ದಕ್ಕೆ ಅಂತಲೇ ಪರವಾನಗಿ ಇರೋ ಕಡೆ ಕಳಿಸ್ತಾರೆ. ಮಿಕ್ಕಿದ್ದಕ್ಕೆ ಔಷಧಿ ಇದೆ. ಅನ್ನಭೇದಿ ಕೇಳಿದ್ದೀರಲ್ಲ, ಎಲೆ ಬಿಳಿಚ್ಕೊಂಡ್ರೆ ರೈತರು ಸಿಂಪಡಿಸ್ತಾರೆ, ಅದೇ. ಅದು ಕೆಟ್ಟ ಕ್ರೋಮಿಯಂನ ಹಲ್ಲು ಕೀಳುತ್ತೆ. ಗೊತ್ತಿರೋರು ಲೆಕ್ಕ ಹಾಕಿ, ಬೆರೆಸಿ, ಮತ್ತೆ ಪರೀಕ್ಷೆ ಮಾಡ್ಬೇಕು ಅಷ್ಟೆ. ನಾವೇ ಎರಚೋದಲ್ಲ."

ಅಮ್ಮಿ ಯೋಚಿಸಿದಳು. ಅಟ್ಟದ ಮೇಲೆ ಬೋರಲು ಹಾಕಿದ್ದ ದೊಡ್ಡ ತಾಮ್ರದ ಡೇಗ್ ತೋರಿಸಿದಳು. "ಕಲಾಯಿ ಹೋಗಿದೆ ಅದಕ್ಕೆ. ಹಂಗೇ ಬಿರಿಯಾನಿ ಮಾಡಿದ್ರೆ ತಿಂದೋರಿಗೆಲ್ಲ ವಾಂತಿ. ಹಂಗಂತ ಅದನ್ನ ಬಿಸಾಕಿದೀನಾ? ಕಲಾಯಿ ಹಾಕಿಸ್ತೀನಿ. ಜಾಗಾನೂ ಹಂಗೇ ಅನ್ನು."

"ಹಂಗೇ ಆಂಟಿ."

"ಮತ್ತೆ ನೀನ್ಯಾಕೆ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ?" ಅಂತ ನನ್ನ ಕಡೆ ತಿರುಗಿದಳು. ನಾನು ಚಹಾದ ಲೋಟ ತೊಳೆಯಲು ಎದ್ದೆ.

ಸಂಘದ ಕೋಣೆ ತುಂಬಿತ್ತು. ಜೆಸಿಬಿಗೆ ಹೇಳಿಟ್ಟಿದ್ದವರು ತಾವೇ ಆದ್ದರಿಂದ ಹನುಮಂತರಾಯಪ್ಪ ತಾತನೂ ಬಾಗಿಲ ಬಳಿ ಕೂತಿದ್ದರು. ಮಮತಕ್ಕ ಎದ್ದು ನಿಂತು ನಿಧಾನವಾಗಿ ಹೇಳಿದಳು. ಆ ಹಳದಿ ನೀರು ತಾಗಿದರೆ ಚರ್ಮ ಹುಣ್ಣಾಗಬಹುದು, ಒಣಗಿದ ಧೂಳು ವರ್ಷಗಟ್ಟಲೆ ಮೂಗಿಗೆ ಹೋದರೆ ಕ್ಯಾನ್ಸರ್‌ವರೆಗೂ ಹೋಗಬಹುದು, ಕೈಯನ್ನು ಬಾಯಿಗಿಡುವ ಚಿಕ್ಕ ಮಕ್ಕಳಿಗೆ ಅಪಾಯ ಹೆಚ್ಚು, ಮಳೆ ನೀರಿನ ಜೊತೆ ಬೋರ್‌ವೆಲ್‌ಗೂ ಇಳಿಯಬಹುದು ಅಂದಳು.

"ನಾಳೆ ಜೆಸಿಬಿ ಓಡಾಡಿದ್ರೆ ಒಂದು ಮೂಲೇಲಿರೋದು ಒಂದೂವರೆ ಎಕರೆಗೂ ಹರಡುತ್ತೆ. ಆಮೇಲೆ ತೆಗೆಯೋದು ತುಂಬ ಕಷ್ಟ. ಇವತ್ತು ತಡೆದ್ರೆ ಒಂದು ಮೂಲೆ ಮಾತ್ರ ಸರಿಮಾಡಿದ್ರೆ ಸಾಕು."

"ಏನಮ್ಮಾ, ಪೀಣ್ಯದಿಂದ ಬಂದು ನಮ್ಮೂರ ಮಣ್ಣಿಗೆ ಹೆಸರಿಡ್ತಿದ್ದೀಯಲ್ಲ," ಅಂದರು ಅನುಸೂಯಮ್ಮ. "ನೀನು ಕ್ಯಾನ್ಸರ್ ಅಂದ್ಬಿಟ್ಟು ಸಾಯಂಕಾಲದ ಬಸ್ಸಿಗೆ ಹೋಗ್ತೀಯ. ನಾಳೆ ಲಾರಿ ಪಕ್ಕ ಮಕ್ಕಳನ್ನ ಕಾಯೋರು ನಾವು."

"ಅದಕ್ಕೇ ಅನುಸೂಯಮ್ಮಾ, ಬೇಡ ಅಂತಿಲ್ಲ ಹುಡುಗಿ. ತೊಳ್ಕೊಂಡು ತಗೊಳ್ಳಿ ಅಂತಾಳೆ," ಅಂದಳು ಅಮ್ಮಿ.

"ಶಂಶಕ್ಕಾ, ನಿಮ್ಮ ಮಗಳೇ ತಂದ ಕಾರ್ಡು ಇಲ್ಲಿ ನೇತಾಡ್ತಿದೆ. ನೀವೇ ಹಿಂಗಂದ್ರೆ ಹೆಂಗೆ?" ಅನುಸೂಯಮ್ಮ ಗೋಡೆಯಿಂದ ಕಾರ್ಡು ಬಿಚ್ಚಿಕೊಂಡರು. "ಇದು ಸುಳ್ಳಾ ಹಂಗಾದ್ರೆ? ಮಣ್ಣು ತಂದೋಳು ಇಲ್ಲೇ ಕೂತಿದ್ದಾಳೆ. ಅವಳೇ ಹೇಳ್ಲಿ."

ಕೋಣೆಯ ಮುಖಗಳೆಲ್ಲ ನನ್ನತ್ತ ತಿರುಗಿದವು.

ಹೇಳಬೇಕಾದ್ದನ್ನು ಮುಂದೂಡುವುದು ನನ್ನ ಹಳೆಯ ಚಾಳಿ. ಬರೆಯುವಾಗಲೂ ಬಿಡುವುದಿಲ್ಲ. ಹಾಗಾಗಿ ಆಮೇಲೆ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ.

ಮಾರನೆಯ ದಿನ ಜೆಸಿಬಿ ಬರಲಿಲ್ಲ. ಸಂಘದ ಮೂವತ್ತಾರು ಹೆಂಗಸರು ಸಹಿ ಹಾಕಿದ ಅರ್ಜಿ ಪಂಚಾಯಿತಿಗೂ, ಮಾಲಿನ್ಯ ನಿಯಂತ್ರಣ ಮಂಡಳಿಗೂ ಹೋಯಿತು. ಮೊದಲ ಸಹಿ ಅನುಸೂಯಮ್ಮನದು. ಹನುಮಂತರಾಯಪ್ಪ ತಾತ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಅವರೇ ಕೋಲು ಹಿಡಿದು ಬಂದು, ತೊಟ್ಟಿಯ ನೀರನ್ನು ಫ್ಯಾಕ್ಟರಿಯವರು ಯಾವ ಕಾಲುವೆಯಲ್ಲಿ ಬಿಡುತ್ತಿದ್ದರು ಅಂತ ಗೆರೆ ಎಳೆದು ತೋರಿಸಿದರು. "ಬಿಡು ಅಂತ ಹೇಳ್ಕೊಟ್ಟೋನು ನಾನೇ. ಇಲ್ಲೇ ತೆಗಿ ಅಂತಾನೂ ನಾನೇ ಹೇಳ್ತೀನಿ," ಅಂದರು. ಪರೀಕ್ಷೆಗೆ ಬಂದವರು ಹದಿನಾಲ್ಕು ಕಡೆ, ಮೂರು ಮೂರು ಆಳದಿಂದ, ಒಂದಕ್ಕೊಂದು ಬೆರೆಸದೆ ಮಣ್ಣು ತೆಗೆದರು. ಎರಡು ಕಡೆ ಮಾತ್ರ ಕೆಟ್ಟಿತ್ತು, ಮೂಲೆಯಲ್ಲಿ ಮತ್ತು ತಾತ ತೋರಿಸಿದ ಕಾಲುವೆಯಲ್ಲಿ.

ಅದು ಬೇಗ ಮುಗಿದ ಕೆಲಸವಲ್ಲ. ಪತ್ರಗಳು ಓಡಾಡಿದವು, ಬೇಲಿ ಬಂತು, ಕೆಟ್ಟ ಮಣ್ಣು ಮುಚ್ಚಿದ ಲಾರಿಯಲ್ಲಿ ಹೋಯಿತು, ಅನ್ನಭೇದಿಯ ಕೆಲಸ ನಡೆಯಿತು, ಎರಡು ಸಲ ಮರುಪರೀಕ್ಷೆಯಾಯಿತು. ಎರಡು ವರ್ಷ ಹಿಡಿಯಿತು. ಈಗ ಮುಂದುಗಡೆ ಅಂಗನವಾಡಿ ಇದೆ, ಅಂಗಳವಿದೆ, ಜಾರುಬಂಡೆಯಿದೆ. ಸೊಪ್ಪು ಬೆಳೆಯುತ್ತಿರುವುದು ಇಟ್ಟಿಗೆ ಕಟ್ಟೆಯೊಳಗೆ ತುಂಬಿದ ಹೊರಗಿನ ಮಣ್ಣಿನಲ್ಲಿ. ಆ ಮೂಲೆಗೆ ಇಂದಿಗೂ ಬೇಲಿಯಿದೆ, ಪಕ್ಕದ ಬೋರ್‌ವೆಲ್ ನೀರನ್ನು ವರ್ಷಕ್ಕೊಮ್ಮೆ ಪರೀಕ್ಷಿಸುತ್ತಾರೆ. ಝೋಯಾ ಈಗ ಒಂದನೇ ತರಗತಿ. ಆ ಅಂಗನವಾಡಿಯಲ್ಲಿ ಅವಳು ಒಂದು ದಿನವೂ ಕೂರಲಿಲ್ಲ, ಶಾಲೆ ಬಿಟ್ಟ ಮೇಲೆ ಜಾರುಬಂಡೆಗೆ ಹೋಗುತ್ತಾಳೆ. ಮಣ್ಣು ತಿನ್ನುವ ಚಟಕ್ಕೆ ಡಾಕ್ಟರಿಗೆ ತೋರಿಸಿದೆವು. ರಕ್ತ ಕಡಿಮೆಯಿತ್ತು, ಔಷಧಿ ಕೊಟ್ಟರು. ಈಗ ಚಟ ಬಿಟ್ಟಿದ್ದಾಳೆ.

ಇದನ್ನು ನಿಮ್ಮ ಸಂಘದಲ್ಲಿ ಕೂತು ಓದುತ್ತಿರುವ ಅಕ್ಕ ತಂಗಿಯರೇ, ನಿಮ್ಮೂರ ಅಂಚಿನಲ್ಲೂ ಇಂಥದ್ದೊಂದು ಮುಚ್ಚಿದ ಶೆಡ್ಡು ಇರಬಹುದು. ಒಮ್ಮೆ ಮಳೆಯಾದ ಮೇಲೆ ದೂರದಿಂದ ನೋಡಿ ಬನ್ನಿ. ಹುಲ್ಲು ಬೆಳೆಯದ ತೇಪೆ, ಹಳದಿ ಹಸಿರು ಕಲೆ, ವಾಸನೆ, ತುಕ್ಕು ಹಿಡಿದ ಡ್ರಮ್ಮು ಕಂಡರೆ ಕೈ ಹಾಕಬೇಡಿ. ಅಲ್ಲಿನ ಮಣ್ಣನ್ನು ಮನೆಯಂಗಳ ತುಂಬಲು ತರಬೇಡಿ, ಅಲ್ಲಿನ ಡ್ರಮ್ಮಿನಲ್ಲಿ ನೀರು ಹಿಡಿಯಬೇಡಿ. ಜೆಸಿಬಿಗೆ ಮೊದಲು ಪರೀಕ್ಷೆ ಆಗಲಿ. ಅಲ್ಲಿ ಏನು ಮಾಡುತ್ತಿದ್ದರು, ನೀರು ಎಲ್ಲಿಗೆ ಬಿಡುತ್ತಿದ್ದರು ಅಂತ ಹಳಬರನ್ನು ಕೇಳಿ ಬರೆದಿಟ್ಟುಕೊಳ್ಳಿ. ಬೆಳೆಗೆ ಮಾಡಿಸುವ ಪರೀಕ್ಷೆ ಇದಕ್ಕೆ ಸಾಲದು. ಕಲೆ ಬಿದ್ದ ಜಾಗದ ಮಣ್ಣನ್ನೇ, ಬೇರೆ ಬೇರೆಯಾಗಿ, ಲೋಹಗಳಿಗಾಗಿ ಪರೀಕ್ಷೆ ಮಾಡಿಸಿ ಅಂತ ಪಂಚಾಯಿತಿಗೆ ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ಕೆಟ್ಟ ನೆಲ ಸರಿಹೋಗುತ್ತದೆ, ನಮ್ಮದು ಸರಿಹೋಗಿದೆ. ಆದರೆ ನಿಮ್ಮಲ್ಲಿ ಯಾರಿಗೋ ಒಬ್ಬರಿಗೆ ಏನೋ ಗೊತ್ತಿರುತ್ತದೆ, ಅವರು ಸುಮ್ಮನಿರುತ್ತಾರೆ. ಆ ಒಬ್ಬರು ನೀವೇ ಆಗಿದ್ದರೆ, ಇನ್ನು ಹೇಳಿಬಿಡಿ.

ನಾನು ಹೇಳಿದ್ದು ಹೀಗೆ.

ಅನುಸೂಯಮ್ಮ ಕಾರ್ಡನ್ನು ನನ್ನ ಕೈಗೆ ಕೊಟ್ಟರು. ಬಾಗಿಲ ಬಳಿ ತಾತ ನನ್ನನ್ನೇ ನೋಡುತ್ತಿದ್ದರು. ಝೋಯಾ ನನ್ನ ತೊಡೆಯ ಮೇಲೆ ಕೂತು ಕಾರ್ಡಿನ ಕೆಂಪು ದಾರವನ್ನು ಬೆರಳಿಗೆ ಸುತ್ತುತ್ತಿದ್ದಳು, ಉಗುರಿನಲ್ಲಿ ಮಣ್ಣಿತ್ತು. ಅವಳನ್ನು ಇಳಿಸಿ ಎದ್ದು ನಿಂತೆ. ಕಾರ್ಡನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದೆ.

"ಕಾರ್ಡು ಸುಳ್ಳಲ್ಲ ಅನುಸೂಯಮ್ಮ. ಆದ್ರೆ ಹಳದಿ ಮೂಲೆ ಬಿಟ್ಟು ಮಣ್ಣು ತಂದೋಳು ನಾನು. ನಮ್ಮ ಝೋಯಾ ಆಡೋ ಜಾಗದಲ್ಲಿ ಏನಿದೆ ಅಂತ ಇನ್ನೂ ಯಾರೂ ನೋಡಿಲ್ಲ."